ಎಡಗಡೆಯ ಸೀಟು

ಬ್ಯಾಟರಿಯ ತಲೆಗೆ ಬಿಸಿನೀರು ಹೊಯ್ಯುವುದು ನನ್ನ ಕೆಲಸ. ಶನಿವಾರ ಬೆಳಿಗ್ಗೆ ಅಮ್ಮ ಗಂಜಿಗೆ ನೀರಿಡುವಾಗ ಒಂದು ಚೆಂಬು ಹೆಚ್ಚಿಗೆ ಇಡುತ್ತಾಳೆ. ಅದನ್ನು ಹಿಡಿದುಕೊಂಡು ಅಂಗಳಕ್ಕೆ ಹೋದರೆ ಅಪ್ಪ ಕಾರಿನ ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿರುತ್ತಾರೆ. ಎರಡು ಟರ್ಮಿನಲ್‌ಗಳ ಸುತ್ತ ವಾರದಲ್ಲಿ ಬೆಳೆದ ಬಿಳಿ ಹಿಟ್ಟಿನಂಥದ್ದು ಬಿಸಿನೀರು ಬಿದ್ದ ಕೂಡಲೇ ನೊರೆಯೆದ್ದು ಕರಗುತ್ತದೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯಲ್ಲಿ ಗ್ರೀಸ್ ಹಚ್ಚಬೇಕು. ಅಷ್ಟು ಹೊತ್ತು ಅಪ್ಪ ಮುಂದಿನ ಗಾಜು ಒರೆಸುತ್ತಾರೆ. ನಾವು ಮಾತಾಡುವುದಿಲ್ಲ. ನಾನು ಶಾಲೆ ಬಿಟ್ಟ ವರ್ಷ ಅವರು ಒಮ್ಮೆ ಹೇಳಿಕೊಟ್ಟಿದ್ದರು: "ಹೊಳೆಯುವ ತನಕ ಉಜ್ಜು. ಕೊಳೆ ಇದ್ದಲ್ಲಿ ಕರೆಂಟು ದಾಟುವುದಿಲ್ಲ. ಕರೆಂಟು ಹೋದರೆ ಸಾಕಾಗುವುದಿಲ್ಲ, ವಾಪಸು ಬರಬೇಕು. ಹಾಗಾಗಿ ಎರಡೂ ಕಡೆ ಉಜ್ಜು." ಅದು ಎಂಟು ವರ್ಷದ ಹಿಂದಿನ ಮಾತು. ಮತ್ತೆ ಹೇಳುವ ಅಗತ್ಯ ಬಿದ್ದಿಲ್ಲ.

ಕಾರು ಹದಿನೇಳು ವರ್ಷದ್ದು. ಬಿಳಿ ಬಣ್ಣ, ಹಳದಿ ಬೋರ್ಡು, ಡೀಸೆಲ್. ಅಪ್ಪ ಕೂಸಪ್ಪ ಸಿದ್ದಕಟ್ಟೆಯ ಆಸುಪಾಸಿನಲ್ಲಿ ಅದನ್ನು ಬಾಡಿಗೆಗೆ ಓಡಿಸುತ್ತಾರೆ. ಅಣ್ಣ ಸಂದೇಶ್ ಮೂಡುಬಿದಿರೆಯ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅಮ್ಮ ಮತ್ತು ನಾನು ಬೀಡಿ ಕಟ್ಟುತ್ತೇವೆ. ವಾರದಲ್ಲಿ ಆರು ದಿನ ನಾನು ಬೀಡಿಯೆಲೆ, ಹೊಗೆಸೊಪ್ಪು ಹರಡಿದ ತಡಪೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತೇನೆ. ಏಳನೆಯ ದಿನ, ಶನಿವಾರ, ಅಪ್ಪನ ಎಡಗಡೆಯ ಸೀಟಿನಲ್ಲಿ ಕೂತು ಉಜಿರೆಗೆ ಹೋಗುತ್ತೇನೆ. ಅದೊಂದು ಬಿಟ್ಟರೆ ನಾನು ಎಲ್ಲಿಗೂ ಹೋಗುವವಳಲ್ಲ.

ಪಾಣೆಮಂಗಳೂರಿನ ಖತೀಜಮ್ಮ ಉಜಿರೆಯ ಹುಡುಗಿಯರ ಹಾಸ್ಟೆಲುಗಳಿಗೆ ನೈಟಿ, ಚೂಡಿದಾರದ ಬಟ್ಟೆ ಒಯ್ದು ಮಾರುತ್ತಾರೆ. ಅವರ ಕಟ್ಟುಗಳನ್ನು ಮೆಟ್ಟಿಲು ಹತ್ತಿಸುವುದು, ಬಿಚ್ಚಿ ಹರಡುವುದು, ಕೊನೆಗೆ ಮಡಚುವುದು ನನ್ನ ಪಾಲಿನದ್ದು. ನನ್ನ ಪ್ರಾಯದ ಹುಡುಗಿಯರು ಸುತ್ತ ಕೂತು ಬಣ್ಣ ಆರಿಸುತ್ತಾರೆ. ನಾನು ಅವರ ಪುಸ್ತಕಗಳನ್ನು, ಗೋಡೆಯ ಮೇಲೆ ಅಂಟಿಸಿದ ಟೈಮ್‌ಟೇಬಲ್ಲನ್ನು ನೋಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ಪಾಠ ಗಟ್ಟಿಯಾಗಿ ಓದು ಎಂದರೆ ನನಗೆ ಸ್ವರ ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ.

ನನ್ನ ಸ್ವರ ಸಣ್ಣದು. ಅಪ್ಪನ ಎಡಕಿವಿ ಕೇಳುವುದಿಲ್ಲ. ಎರಡನೆಯದು ನನಗೆ ಒಬ್ಬಳಿಗೇ ಗೊತ್ತು ಎಂದು ನಾನು ತಿಳಿದಿದ್ದೆ. ಡ್ರೈವರನಿಗೆ ಎಡಗಡೆಯಲ್ಲೇ ಗೇರು, ಎಡಗಡೆಯಲ್ಲೇ ನಾನು. ಬಲಕಿವಿಗೆ ತೆರೆದ ಕಿಟಕಿಯ ಗಾಳಿ.

ಆ ಶನಿವಾರ ಪುಂಜಾಲಕಟ್ಟೆ ದಾಟಿದ ಮೇಲೆ ಏರಿನಲ್ಲಿ ಅಪ್ಪ ಮೂರನೇ ಗೇರು ಹಾಕಿದರು. ಅಡಿಯಿಂದ ಕೂಗು ಶುರುವಾಯಿತು. ಮೂರು ತಿಂಗಳಿಂದ ಇದ್ದ ಕೂಗೇ, ಆದರೆ ಜೋರಾಗಿತ್ತು. ನಾಲ್ಕಕ್ಕೆ ಹಾಕಿದರೆ ನಿಲ್ಲುತ್ತಿತ್ತು, ಮೂರಕ್ಕೆ ಬಂದರೆ ಪುನಃ.

"ಕೂಸಪ್ಪಣ್ಣ, ಎಂತ ಇದು, ಅಡಿಯಲ್ಲಿ ಬೆಕ್ಕು ಸಿಕ್ಕಿಕೊಂಡ ಹಾಗೆ?" ಎಂದರು ಹಿಂದಿನ ಸೀಟಿನಿಂದ ಖತೀಜಮ್ಮ.

ಅಪ್ಪ ದಾರಿ ನೋಡುತ್ತಿದ್ದರು.

"ಚಿತ್ರಾ, ನಿನ್ನಪ್ಪನಿಗೆ ಈ ಕಾರಿನ ಬಗ್ಗೆ ಮಾತ್ರ ಎಂತ ಹೇಳಿದರೂ ಆಗುವುದಿಲ್ಲ" ಎಂದು ಅವರು ನನ್ನ ಭುಜ ತಟ್ಟಿದರು.

ನಾನು ಕೂಡ ಆ ಮೂರು ತಿಂಗಳಲ್ಲಿ ಒಂದು ಸಲ ಹೇಳಿದ್ದೆ, "ಅಪ್ಪ, ಮೂರರಲ್ಲಿ ಶಬ್ದ ಬರ್ತದೆ" ಎಂದು. ಎಡಗಡೆಯಿಂದ ಹೇಳಿದ್ದು. ಅವರು ತಿರುಗಲಿಲ್ಲ. ಮನೆಗೆ ಬಂದು ಬಲಗಡೆಗೆ ಹೋಗಿ ಇನ್ನೊಮ್ಮೆ ಹೇಳಬಹುದಿತ್ತು. ಹೇಳಿದರೆ, ಇಷ್ಟು ದಿನ ನಿಮಗೆ ಕೇಳಲಿಲ್ಲವಾ ಎಂಬ ಮಾತು ಅದರ ಹಿಂದೆಯೇ ಬರುತ್ತಿತ್ತು.

ವಾಪಸು ಬರುವಾಗ ಮಡಂತ್ಯಾರಿನ ಹತ್ತಿರ ಕೂಗು ನಿಂತು, ಅರೆಯುವ ಕಲ್ಲಿಗೆ ಜಲ್ಲಿ ಬಿದ್ದಂತೆ ಆಯಿತು. ಗೇರಿನ ಕೋಲು ಮೂರರಲ್ಲೇ ಕೂತಿತು. ಅಪ್ಪ ಎರಡೂ ಕೈ ಹಾಕಿ ಎಳೆದರು. ಬರಲಿಲ್ಲ. ಖತೀಜಮ್ಮ ಉಳಿದ ಎರಡು ಕಟ್ಟು ತೆಗೆದುಕೊಂಡು ಬಸ್ಸು ಹತ್ತಿದರು. ಕಾರನ್ನು ಪಿಕಪ್ಪಿಗೆ ಹಗ್ಗ ಕಟ್ಟಿ ಮನೆಗೆ ತಂದೆವು. ದಾರಿಯುದ್ದಕ್ಕೂ ಅಪ್ಪ ಸ್ಟೇರಿಂಗ್ ಹಿಡಿದೇ ಇದ್ದರು.

*

ಪುತ್ತಿಗೆಯ ಶಂಭಣ್ಣ ಬಂದು ಅಂಗಳದಲ್ಲೇ ಗೇರ್‌ಬಾಕ್ಸ್ ಇಳಿಸಿದರು. ಅವರೂ ಅಪ್ಪನೂ ಚಿಕ್ಕ ಪ್ರಾಯದಲ್ಲಿ ಒಂದೇ ಗ್ಯಾರೇಜಿನಲ್ಲಿ ಇದ್ದವರು. ಈಗ ಶಂಭಣ್ಣನಿಗೆ ತನ್ನದೇ ಗ್ಯಾರೇಜ್ ಉಂಟು. ಟಾರ್ಚು ಹಿಡಿದದ್ದು ನಾನು. ಅವರು ಒಂದೊಂದೇ ಬಿಚ್ಚಿದರು: ಬ್ಯಾಟರಿಯ ವಯರು, ಸ್ಟಾರ್ಟರ್, ಕ್ಲಚ್ ಕೇಬಲ್. ಆಮೇಲೆ ಗೇರ್‌ಬಾಕ್ಸಿನ ಒಂದು ಬೋಲ್ಟಿನಿಂದ ಕಾರಿನ ಬಾಡಿಯ ತಗಡಿಗೆ ಹೋಗುವ ಒಂದು ಚಪ್ಪಟೆ ಪಟ್ಟಿ. ತಾಮ್ರದ ನೂಲುಗಳನ್ನು ಜಡೆಯ ಹಾಗೆ ಹೆಣೆದದ್ದು, ಒಂದು ಗೇಣು ಉದ್ದ, ಎರಡೂ ತುದಿಯಲ್ಲಿ ತೂತಿನ ಬಿಲ್ಲೆ. ಬೋಲ್ಟುಗಳನ್ನು ಹಾಲಿನ ಪುಡಿಯ ಡಬ್ಬಿಗೆ ಹಾಕಿದರು. ಪಟ್ಟಿ ಡಬ್ಬಿಯಲ್ಲಿ ನಿಲ್ಲಲಿಲ್ಲ. ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟರು.

ಐದನೆಯ ದಿನ ಗೇರ್‌ಬಾಕ್ಸ್ ಸರಿಯಾಗಿ ಆಟೋದಲ್ಲಿ ಬಂತು. ಹಳೆಯ ಬೇರಿಂಗನ್ನು ಶಂಭಣ್ಣ ಅಂಗೈಯಲ್ಲಿ ಹಿಡಿದು ತೋರಿಸಿದರು. ಒಳಗಿನ ಗುಂಡುಗಳು ಹಲ್ಲು ಉದುರಿದ ಹಾಗೆ ಎಡೆ ಬಿಟ್ಟಿದ್ದವು.

"ಇದು ತಿಂಗಳುಗಟ್ಟಲೆ ಕೂಗಿರ್ಬೇಕು. ನಿನಗೆ ಕೇಳ್ಲಿಲ್ವಾ ಮಾರಾಯ?"

"ಕೇಳದೆ ಎಂತ? ಸ್ವಲ್ಪ ದಿನ ಓಡ್ಲಿ ಅಂತ ಬಿಟ್ಟದ್ದು" ಎಂದರು ಅಪ್ಪ.

ಅಣ್ಣ ಬೈಕಿಗೆ ಕೀ ಹಾಕುತ್ತಿದ್ದವನು ಒಮ್ಮೆ ಅಪ್ಪನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸ್ ಮೇಲೆ ಹೋಯಿತು. ಆಗ ಶಂಭಣ್ಣನಿಗೆ ಫೋನು ಬಂತು. ಗ್ಯಾರೇಜಿಗೆ ಯಾರೋ ಬಂದು ಕಾಯುತ್ತಿದ್ದರು.

"ಇನ್ನು ಎರಡು ಬೋಲ್ಟುಂಟು. ನಾಳೆ ಬಂದು ಹಾಕ್ತೇನೆ."

"ಎರಡು ಬೋಲ್ಟಿಗೆ ನೀನು ಪುತ್ತಿಗೆಯಿಂದ ಬರುವುದಾ? ನಾನೆಂತ ಕೈಗೆ ಬಳೆ ಹಾಕಿದ್ದೇನಾ?"

"ಹಾಕು, ಹಾಕು. ನಿನ್ನದೇ ಗಾಡಿ."

ಅಪ್ಪ ಡಬ್ಬಿಯಲ್ಲಿ ಉಳಿದಿದ್ದ ಬೋಲ್ಟುಗಳನ್ನು ಹಾಕಿ ಬಿಗಿ ಮಾಡಿದರು. ಡಬ್ಬಿ ಖಾಲಿಯಾಯಿತು. ಡಬ್ಬಿ ಖಾಲಿಯಾದರೆ ಕೆಲಸ ಮುಗಿಯಿತು ಎಂದೇ ಅವರ ಲೆಕ್ಕ.

ಸಂಜೆ ನಾನು ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಅಂಗಳ ಗುಡಿಸಿಯಾಗಿತ್ತು. ನಮ್ಮ ಬಚ್ಚಲಿನ ತಗಡಿನ ಬಾಗಿಲಿಗೆ ಚಿಲಕ ಹೋಗಿ ವರ್ಷವಾಗಿತ್ತು. ಒಳಗಿನಿಂದ ಒಂದು ದಾರ ಸುತ್ತಿಕೊಳ್ಳುತ್ತಿದ್ದೆವು. ಆ ದಿನ ದಾರದ ಬದಲು ಒಂದು ಕಪ್ಪು ಪಟ್ಟಿ ಇತ್ತು. ಒಂದು ತುದಿಯನ್ನು ಅಮ್ಮ ಬಾಗಿಲಿಗೆ ಮೊಳೆ ಹೊಡೆದು ನಿಲ್ಲಿಸಿದ್ದಳು, ಇನ್ನೊಂದು ತುದಿಯ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರಾಯಿತು.

"ನೋಡು, ಹೇಗುಂಟು?" ಎಂದಳು. "ನಿನ್ನಣ್ಣನಿಗೆ ಚಿಲಕ ತಾ ಅಂತ ಹೇಳಿ ಹೇಳಿ ಸಾಕಾಯ್ತು."

"ಒಳ್ಳೆದುಂಟು" ಎಂದೆ. ಹಂಡೆಯ ಹೊಗೆಯಲ್ಲಿ ನಾನದನ್ನು ಸರಿಯಾಗಿ ನೋಡಲಿಲ್ಲ.

*

ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಆದರೆ ಮೂರನೆಯ ದಿನದಿಂದ ಕಾರು ಸ್ಟಾರ್ಟ್ ಆಗುವಾಗ ಮಲಗಿದವರು ಎದ್ದು ಹಂದಾಡುವುದಕ್ಕೆ ಉದಾಸೀನ ಮಾಡಿದ ಹಾಗೆ ಉರ್ರ್... ಉರ್ರ್... ಎಂದು ತಡೆದು ತಡೆದು ತಿರುಗತೊಡಗಿತು. ಹೆಡ್‌ಲೈಟು ಹಾಕಿದರೆ ಚಿಮಿಣಿ ದೀಪದ ಬೆಳಕು. ಹಾರ್ನ್ ಒತ್ತಿದರೆ ಮೀಟರಿನ ಲೈಟು ಆರಿ ಹೋಗುತ್ತಿತ್ತು.

"ಬ್ಯಾಟರಿ ಮುಗಿದಿದೆ" ಎಂದು ಅಪ್ಪ ಹೊಸ ಬ್ಯಾಟರಿ ತಂದರು. ನಾನು ಹೊಸ ಟರ್ಮಿನಲ್‌ಗಳಿಗೂ ಗ್ರೀಸ್ ಹಚ್ಚಿದೆ. ಎರಡು ದಿನ ಸರಿಯಿತ್ತು. ಮತ್ತೆ ಅದೇ ಉರ್ರ್. ಬಿ.ಸಿ. ರೋಡಿನ ಎಲೆಕ್ಟ್ರಿಷಿಯನ್ ಡೈನಮೋ ಬಿಚ್ಚಿ, ಅವನ ಮೇಜಿನ ಮೇಲೆ ತಿರುಗಿಸಿ ನೋಡಿ, ಬ್ರಷ್ ಬದಲಾಯಿಸಿ ಕೊಟ್ಟ. ಮೇಜಿನ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತಂತೆ. ಕಾರಿಗೆ ಹಾಕಿದ ಮೇಲೆ ಚಾರ್ಜ್ ಇಲ್ಲ.

ಅದರ ಮೇಲೆ ಕ್ಲಚ್ ಗಟ್ಟಿಯಾಗತೊಡಗಿತು. ಒತ್ತಿದ ಪೆಡಲು ನಿಧಾನಕ್ಕೆ ಮೇಲೆ ಬರುತ್ತಿತ್ತು. ಮೊದಲನೇ ಗೇರು ಹಾಕುವಾಗ ಕರಕರ ಶಬ್ದ. ಈ ಸಲ ಅಪ್ಪನಿಗೂ ಗೊತ್ತಾಯಿತು, ಕೋಲು ಅವರ ಅಂಗೈಯಲ್ಲಿ ಅದುರುತ್ತಿತ್ತು.

"ಶಂಭು ಕೈ ಕೊಟ್ಟ" ಎಂದರು ಊಟಕ್ಕೆ ಕೂತಾಗ. "ಒಳಗೆ ಹಳೇ ಸಾಮಾನು ಹಾಕಿ ಹೊಸದರ ಬಿಲ್ಲು ಕೊಟ್ಟಿದ್ದಾನೆ."

"ಅವರು ಹಾಗೆ ಮಾಡುವವರಾ?" ಎಂದಳು ಅಮ್ಮ, ಹುರುಳಿ ಸಾರು ಬಡಿಸುತ್ತಾ. "ಮೂವತ್ತು ವರ್ಷದಿಂದ ನೋಡ್ತಾ ಇದ್ದೇವೆ."

"ಮೂವತ್ತು ವರ್ಷದಿಂದ ಮಾಡಿರ್ಬಹುದು."

ಅಣ್ಣ ತಟ್ಟೆಯಿಂದ ತಲೆಯೆತ್ತಿದ. "ಅಪ್ಪ, ಅದನ್ನು ಕೊಡುವ. ಒಬ್ಬ ಬ್ರೋಕರ್ ಕೇಳ್ತಾ ಇದ್ದಾನೆ. ತಿಂಗಳ ಕೊನೆಯೊಳಗೆ ಆರ್‌ಟಿಒದಿಂದ ಫಿಟ್‌ನೆಸ್ ಪತ್ರ, ಎಫ್‌ಸಿ, ಆಗ್ಬೇಕು. ಲೈಟಿಲ್ಲ, ಹಾರ್ನಿಲ್ಲ, ಗೇರು ಬೀಳುವುದಿಲ್ಲ. ಇದಕ್ಕೆ ಯಾರು ಎಫ್‌ಸಿ ಕೊಡ್ತಾರೆ? ಎಫ್‌ಸಿ ಇಲ್ಲದೆ ಬಾಡಿಗೆಗೆ ಹಾಕ್ಲಿಕ್ಕೆ ಆಗ್ತದಾ?"

"ತಿಂಗಳು ಮುಗಿಯಲಿಲ್ಲವಲ್ಲ."

"ಮುಗಿದ ಮೇಲೆ ಗುಜರಿಗೇ ಹಾಕ್ಬೇಕು."

"ನಿನಗೆ ಅನ್ನ ಹಾಕಿದ್ದು ಆ ಕಾರು."

"ನನಗೆ ಅನ್ನ ಹಾಕಿದ್ದು ಅಮ್ಮನ ಬೀಡಿ" ಎಂದ ಅಣ್ಣ. "ಕಾರು ಡೀಸೆಲ್ ಕುಡೀತಿತ್ತು."

ಅಮ್ಮ ನಗಲಿಲ್ಲ. ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಒಳಗೆ ಹೋದಳು. ಮುಂದಿನ ಶನಿವಾರ ಖತೀಜಮ್ಮ ಬೇರೆ ಕಾರು ಮಾಡಿಕೊಂಡು ಹೋದರು. ನಾನು ಅವತ್ತು ಜಗಲಿಯಲ್ಲಿ ಕೂತು ಸಾವಿರ ಬೀಡಿ ಕಟ್ಟಿದೆ. ದಾರಿಯಲ್ಲಿ ಹೋದ ವಾಹನಗಳನ್ನೆಲ್ಲ ಕೇಳುತ್ತಿದ್ದೆ. ಯಾವುದು ಯಾವ ಗೇರಿನಲ್ಲಿ ಹೋಯಿತು ಎಂದು ನನಗೆ ಗೊತ್ತಾಗುತ್ತಿತ್ತು. ಹೇಳುವುದಕ್ಕೆ ಯಾರೂ ಇರಲಿಲ್ಲ.

ಅಪ್ಪ ಶಂಭಣ್ಣನಿಗೆ ಫೋನು ಮಾಡಿ ಬೈದರು. ಫೋನನ್ನು ಬಲಕಿವಿಗೆ ಒತ್ತಿ ಹಿಡಿದು, ಅಂಗಳದ ತುದಿಗೆ ಹೋಗಿ, ಊರಿಗೆಲ್ಲ ಕೇಳುವ ಹಾಗೆ ಬೈದರು. ಆ ಕಡೆಯಿಂದ ಶಂಭಣ್ಣ ಎಂತ ಹೇಳಿದರೋ, ಅಪ್ಪ ಕೊನೆಗೆ "ಇನ್ನು ನನ್ನ ಅಂಗಳಕ್ಕೆ ಬರ್ಬೇಡ" ಎಂದು ಇಟ್ಟುಬಿಟ್ಟರು.

ಮರುದಿನ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ನೀರುದೋಸೆ ತಿನ್ನುತ್ತಿದ್ದರು. ಅಣ್ಣ ಅಂಗಿಯ ಗುಂಡಿ ಹಾಕುತ್ತಾ ಬಂದು ಅವರ ಎಡಗಡೆ, ಸ್ವಲ್ಪ ಹಿಂದೆ ನಿಂತ. ಕೈ ತಟ್ಟುವಷ್ಟು ಹತ್ತಿರ.

"ಅಪ್ಪ" ಎಂದ, ಸಾಮಾನ್ಯ ಸ್ವರದಲ್ಲಿ.

ಅಪ್ಪ ದೋಸೆ ಮಡಚಿ ಚಟ್ನಿಗೆ ಅದ್ದಿದರು.

"ಅಪ್ಪ, ಕಾರನ್ನು ಕೊಟ್ಟಾಯ್ತು. ಬ್ರೋಕರ್ ಈಗ ಬರ್ತಾನೆ." ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಅಪ್ಪ ತಿಂದರು. ನೀರು ಕುಡಿದರು. ಹಿತ್ತಲಿನ ಬಸಳೆ ಚಪ್ಪರದ ಕಡೆ ನೋಡುತ್ತಾ ಇನ್ನೊಂದು ದೋಸೆ ತೆಗೆದುಕೊಂಡರು.

ಅಣ್ಣ ನನ್ನ ಕಡೆ ತಿರುಗಿದ. ನನ್ನ ಕತ್ತರಿ ಬೀಡಿಯೆಲೆಯ ಮೇಲೆ ನಿಂತಿತ್ತು.

"ನಿನಗೆ ಗೊತ್ತಿತ್ತು" ಎಂದ. "ಆ ಬೇರಿಂಗ್ ಕೂಗುವುದೂ ನಿನಗೆ ಕೇಳಿತ್ತು. ಅಲ್ವಾ?"

ನಾನು ಎಲೆ ಕತ್ತರಿಸಿದೆ. ಅಡುಗೆಮನೆಯ ಬಾಗಿಲಿನಲ್ಲಿ ಅಮ್ಮ ನಿಂತಿದ್ದಳು.

"ಅವಳನ್ನು ಎಂತಕ್ಕೆ ಕೇಳ್ತಿ?" ಎಂದಳು ಸ್ವರ ತಗ್ಗಿಸಿ. "ನನಗೆ ಎರಡು ವರ್ಷದಿಂದ ಗೊತ್ತುಂಟು. ಚಾಪೆಯಲ್ಲಿ ಮಲಗುವ ಬದಿ ಬದಲಾಯಿಸಿದ್ದು ಸುಮ್ಮನೆಯಾ?"

"ಮತ್ತೆ ನನಗೆ ಮಾತ್ರ ಯಾರೂ ಹೇಳ್ಲಿಲ್ಲ!"

ಆಗ ಅಪ್ಪ ತಿರುಗಿ, ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ, "ಎಂತ? ಬಸ್ಸಿಗೆ ಹೊತ್ತಾಯ್ತಾ?" ಎಂದು ಕೇಳಿದರು.

"ಇಲ್ಲ" ಎಂದ ಅಣ್ಣ. ಅವನು ಬೈಕಿನಲ್ಲಿ ಹೋಗುವವನು. ತಿಂಡಿ ತಿನ್ನದೆ ಹೋದ.

*

ಸುಟ್ಟ ವಾಸನೆ ಮೊದಲು ಬಂದದ್ದು ನನಗೆ. ಅಪ್ಪ ಮೂರು ನಾಲ್ಕು ಸಲ ಸ್ಟಾರ್ಟರ್ ತಿರುಗಿಸಿ, ಆಗದೆ, ನೀರು ಕುಡಿಯಲು ಒಳಗೆ ಹೋಗಿದ್ದರು. ಬಾನೆಟ್ ತೆರೆದೇ ಇತ್ತು. ಪ್ಲಾಸ್ಟಿಕ್ ಬಿಸಿಯಾದ ವಾಸನೆ. ವಾಸನೆಯ ಹಿಂದೆ ಹೋಗಿ ನಾನು ಕ್ಲಚ್ ಕೇಬಲನ್ನು ಮುಟ್ಟಿದೆ. ಅದರ ತುದಿಯ ಕಬ್ಬಿಣಕ್ಕೆ ಬೆರಳು ತಾಗಿದ್ದೇ ಚುರ್ ಎಂದಿತು. ಒಲೆಯ ಮೇಲಿನ ಕಾವಲಿಯಷ್ಟು ಬಿಸಿ.

ಎಂಜಿನ್ ಓಡಿರಲೇ ಇಲ್ಲ. ಓಡದ ಎಂಜಿನ್ನಿನಲ್ಲಿ ಕ್ಲಚ್ ಕೇಬಲ್ ಯಾಕೆ ಕಾಯಬೇಕು?

ಬಲಗೈಯ ತೋರುಬೆರಳಿಗೆ ಬೊಬ್ಬೆ ಬಂತು. ಬೀಡಿಯ ಬಾಯಿ ಮಡಚುವ ಬೆರಳದು. ಅಮ್ಮ ಜೇನು ಹಚ್ಚಿ, "ಕಾರು ಅವರನ್ನು ಮಾತ್ರ ತಿಂದದ್ದು ಸಾಲ್ಲಿಲ್ಲ" ಎಂದಳು.

ಮಧ್ಯಾಹ್ನ ಸ್ನಾನಕ್ಕೆ ಹೋದೆ. ಒಳಗಿನಿಂದ ಪಟ್ಟಿಯನ್ನು ಮೊಳೆಗೆ ಸಿಕ್ಕಿಸಬೇಕು. ಬೆರಳು ನೋಯುತ್ತಿದ್ದುದರಿಂದ ಆ ದಿನ ನಿಧಾನಕ್ಕೆ, ನೋಡಿಕೊಂಡು ಸಿಕ್ಕಿಸಿದೆ. ಜಡೆಯ ಹಾಗೆ ಹೆಣೆದ ತಾಮ್ರ. ಎರಡು ತುದಿಗೂ ತೂತಿನ ಬಿಲ್ಲೆ. ಒದ್ದೆ ಕೈಗಳು ಮುಟ್ಟಿ ಮುಟ್ಟಿ ಅದರ ಮಧ್ಯದಲ್ಲಿ ಕಪ್ಪು ಹೋಗಿ ಕೆಂಪು ಕಾಣುತ್ತಿತ್ತು.

ಮೊದಲ ಚೆಂಬು ನೀರನ್ನು ಹಾಗೆಯೇ ಹಿಡಿದುಕೊಂಡು ನಿಂತೆ. ಟಾರ್ಚಿನ ಬೆಳಕಿನಲ್ಲಿ ನೋಡಿದ್ದು ನೆನಪಾಯಿತು: ಗೇರ್‌ಬಾಕ್ಸಿನ ಬೋಲ್ಟು, ಅಲ್ಲಿಂದ ಕಾರಿನ ಬಾಡಿಯ ತಗಡಿಗೆ ಪಟ್ಟಿ, ಬಾಡಿಯಿಂದ ಬ್ಯಾಟರಿಗೆ ವಯರು. ಕರೆಂಟು ಹೋದರೆ ಸಾಕಾಗುವುದಿಲ್ಲ, ವಾಪಸು ಬರಬೇಕು. ಸ್ಟಾರ್ಟರಿಗೆ ಹೋದ ಕರೆಂಟು ವಾಪಸು ಬರುವ ದಾರಿಯಿಂದಲೇ ನಾವು ಮೂರು ವಾರದಿಂದ ಬಚ್ಚಲಿನ ಬಾಗಿಲು ಹಾಕುತ್ತಿದ್ದೆವು. ದಾರಿಯಿಲ್ಲದೆ ಅದು ಸಿಕ್ಕಿದ್ದನ್ನು ಹಿಡಿದುಕೊಂಡು ಬರುತ್ತಿತ್ತು, ಕ್ಲಚ್ ಕೇಬಲಿನ ತೆಳು ತಂತಿಯನ್ನು. ತಂತಿ ಕಾದು ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದಿತ್ತು. ಅದಕ್ಕೇ ಕ್ಲಚ್ ಗಟ್ಟಿ, ಅದಕ್ಕೇ ಗೇರು ಕರಕರ. ಡೈನಮೋದ ಚಾರ್ಜೂ ವಾಪಸು ಬರುತ್ತಿರಲಿಲ್ಲ. ಬ್ಯಾಟರಿ ಸರಿಯಿತ್ತು, ಡೈನಮೋ ಸರಿಯಿತ್ತು, ಶಂಭಣ್ಣ ಹಾಕಿದ ಬೇರಿಂಗ್ ಸರಿಯಿತ್ತು.

ಪಟ್ಟಿ ಬಿಟ್ಟದ್ದು ಅಪ್ಪ.

ಊಟಕ್ಕೆ ಕೂತಾಗ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅಣ್ಣನಿಗೆ ವಾರದ ರಜೆ, ಅವನೂ ಕೂತಿದ್ದ. "ಬ್ರೋಕರ್ ಬುಧವಾರ ಬರ್ತಾನೆ" ಎಂದ. ಅಪ್ಪ ಒಣಮೀನಿನ ಮುಳ್ಳು ತೆಗೆಯುತ್ತಿದ್ದರು. ಇವನೆದುರು ಹೇಳಿದರೆ, ಕಿವಿಯೂ ಇಲ್ಲ ಕಣ್ಣೂ ಇಲ್ಲ ಎಂದು ಇವನು ಹೇಳುತ್ತಾನೆ. ನಾನು ಮಜ್ಜಿಗೆ ಬಡಿಸಿದೆ.

ಊಟವಾಗಿ ಅಪ್ಪ ಬಲಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರು. ಹಾಗೆ ಮಲಗಿದರೆ ಅವರಿಗೆ ಯಾವುದೂ ಕೇಳುವುದಿಲ್ಲ. ಅಣ್ಣ ಪೇಟೆಗೆ ಹೋದ. ಅಮ್ಮ ಬ್ರಾಂಚಿಗೆ ಹೋದಳು. ನಾನು ಬಚ್ಚಲಿನ ಬಾಗಿಲಿನಿಂದ ಮೊಳೆ ಕಿತ್ತು ಪಟ್ಟಿ ತೆಗೆದೆ. ಅಪ್ಪನ ಚೀಲದಿಂದ ಹದಿಮೂರರ ಸ್ಪಾನರ್, ಮರಳು ಕಾಗದ, ಒಂದು ವಾಶರ್ ತೆಗೆದೆ. ಗೋಣಿ ಹಾಸಿ ಕಾರಿನ ಅಡಿಗೆ ಹೋದೆ. ಬೋಲ್ಟು ತುಂಬ ಬಿಗಿಯಿತ್ತು. ಸ್ಪಾನರಿಗೆ ಕಾಲು ಕೊಟ್ಟು ತಳ್ಳಿದೆ. ಬಾಡಿಯಲ್ಲಿ ಪಟ್ಟಿ ಕೂರುವ ಜಾಗದ ತುಕ್ಕನ್ನು ಹೊಳೆಯುವ ತನಕ ಉಜ್ಜಿದೆ, ಬಿಲ್ಲೆಗಳನ್ನೂ ಉಜ್ಜಿದೆ. ಎರಡೂ ಕಡೆ. ಪಟ್ಟಿಯಿಟ್ಟು, ವಾಶರ್ ಹಾಕಿ ಬಿಗಿದೆ. ಅಂಗೈಯೆಲ್ಲ ಕಪ್ಪಾಯಿತು. ಬೊಬ್ಬೆ ಒಡೆದು ನೀರು ಬಂತು. ಬಾಗಿಲಿಗೆ ಹಳೆಯ ದಾರ ಕಟ್ಟಿ, ಬಂದು ತಡಪೆಯ ಮುಂದೆ ಕೂತೆ.

*

ಸಂಜೆ ಅಪ್ಪ ಕೀ ತಿರುಗಿಸಿದರು. ಅರ್ಧ ಸುತ್ತಿಗೇ ಕಾರು ಸ್ಟಾರ್ಟ್ ಆಯಿತು.

ಅವರು ಆಫ್ ಮಾಡಿದರು. ಪುನಃ ತಿರುಗಿಸಿದರು. ಪುನಃ ಆಯಿತು. ಹೆಡ್‌ಲೈಟಿನ ಬೆಳಕು ಬಚ್ಚಲಿನ ತಗಡಿಗೆ ಬಿದ್ದು ಹಿಂದಕ್ಕೆ ಹೊಡೆಯಿತು. ಅದೇ ಹೊತ್ತಿಗೆ ಒಳಗಿನಿಂದ ಅಮ್ಮ ಕೂಗಿದಳು:

"ಬಾಗಿಲಿನ ಪಟ್ಟಿ ಯಾರು ತೆಗೆದದ್ದು?"

ಅವಳ ಸ್ವರ ಅಪ್ಪನಿಗೂ ಕೇಳುವಂಥದ್ದು. ಅವರು ತಡೆದು ನಿಂತರು. ಇಳಿದು, ಮೊಣಕಾಲೂರಿ, ಮೊಬೈಲಿನ ಟಾರ್ಚು ಹಾಕಿ ಕಾರಿನ ಅಡಿಗೆ ನೋಡಿದರು. ತುಂಬ ಹೊತ್ತು ನೋಡಿದರು. ಎದ್ದವರು ಮೊಣಕಾಲಿನ ಮಣ್ಣು ಕೊಡವಿ, "ಕಾಂತಿ, ನಾಳೆ ನಾನೊಂದು ಚಿಲಕ ತರ್ತೇನೆ" ಎಂದರು ಅಮ್ಮನಿಗೆ. ನನ್ನ ಕಡೆ ನೋಡಲಿಲ್ಲ.

ಅಣ್ಣ ಬಂದವನು ಕೇಳಿದ, "ಹೇಗೆ ಸರಿಯಾಯ್ತು?"

"ಅರ್ಥಿಂಗ್ ಪಟ್ಟಿ ಬಿಟ್ಟುಹೋಗಿತ್ತು. ನೋಡಿ ಸರಿ ಮಾಡಿದೆ" ಎಂದರು ಅಪ್ಪ.

ಅಮ್ಮ ನನ್ನ ಬೆರಳನ್ನು ನೋಡಿದಳು. ಮತ್ತೆ ಜೇನು ತಂದಳು.

ಕರಗಿದ ಕ್ಲಚ್ ಕೇಬಲ್ ಬದಲಾಯಿಸಬೇಕಿತ್ತು. ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಪುತ್ತಿಗೆಗೆ ಹೋದರು. ಶಂಭಣ್ಣ ಎದ್ದು ಬರಲಿಲ್ಲ. ಅಪ್ಪ ಅಲ್ಲೇ ಸ್ಟೂಲ್ ಎಳೆದು ಕೂತು, "ಕೇಬಲ್ ಹೋಗಿದೆ ಮಾರಾಯ" ಎಂದರು.

"ನಿನ್ನ ಅಂಗಳಕ್ಕೆ ಬರ್ಬಾರ್ದು. ನನ್ನ ಅಂಗಳಕ್ಕೆ ನೀನು ಬರ್ಬಹುದು, ಹಾಗಾ?"

"ಬೈಯುವುದಾದರೆ ಈ ಕಿವಿಗೆ ಬೈ" ಎಂದು ಅಪ್ಪ ಬಲಕಿವಿಯನ್ನು ಅವರ ಕಡೆಗೆ ತಿರುಗಿಸಿ ಕೂತರು.

ಅವರ ಬಾಯಿಂದ ಆ ಕಿವಿಯ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಶಂಭಣ್ಣ ಚಾ ಹೇಳಿ, ಕಾರಿನ ಅಡಿಗೆ ಹೋದರು.

"ಈ ಪಟ್ಟಿ ಯಾರು ಹಾಕಿದ್ದು?" ಎಂದರು ಅಡಿಯಿಂದಲೇ. "ನಿನ್ನ ಕೈಯಲ್ಲ. ನೀನು ಹುಟ್ಟಿದ ಮೇಲೆ ವಾಶರ್ ಹಾಕಿದವನಲ್ಲ. ತುಕ್ಕು ತೆಗೆದು ಹಾಕಿದ್ದಾರೆ. ಒಳ್ಳೆ ಕೆಲಸ."

ಅಪ್ಪ ಚಾ ಕುಡಿಯುತ್ತಿದ್ದರು. ಹೊರಗೆ ಬಂದ ಶಂಭಣ್ಣ ನನ್ನ ಬೆರಳಿಗೆ ಸುತ್ತಿದ ಬಟ್ಟೆಯನ್ನು ನೋಡಿ, ಆಮೇಲೆ ಕೇಬಲ್ ಹುಡುಕುವುದಕ್ಕೆ ಒಳಗೆ ಹೋದರು.

*

ತಿಂಗಳು ಮುಗಿಯುವ ಹಿಂದಿನ ದಿನ ಎಫ್‌ಸಿ ಆಯಿತು. ಅಮ್ಮ ಬಂಗುಡೆ ಸಾರು ಮಾಡಿದಳು. ಅಣ್ಣ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟ.

"ಆಯ್ತು, ಕೊಡುವುದು ಬೇಡ" ಎಂದ. "ಬ್ರೋಕರಿಗೆ ಹೇಳಿದ್ದೇನೆ. ಆದರೆ ಓಡಿಸುವುದು ಅಪ್ಪ ಅಲ್ಲ."

"ಮತ್ತೆ ಯಾರು, ನಿನ್ನಜ್ಜನಾ?" ಎಂದರು ಅಪ್ಪ. ಈಗ ಅಣ್ಣ ಅವರ ಬಲಗಡೆ ಕೂತು ಮಾತಾಡುತ್ತಿದ್ದ.

"ಮನ್ವಿತ್ ಇದ್ದಾನಲ್ಲ, ನನ್ನ ದೋಸ್ತಿ. ಒಂದನೇ ತಾರೀಕಿಂದ ಬರ್ತಾನೆ. ಎಡಗಡೆಯಿಂದ ಬಸ್ಸು ನುಗ್ಗಿದರೆ ನಿಮಗೆ ಗೊತ್ತಾಗ್ತದಾ? ಚಿತ್ರಾ ದಿನಾ ಪಕ್ಕದಲ್ಲಿ ಕೂತು ಕೇಳಿಸಿಕೊಂಡು ಹೇಳ್ತಾಳಾ? ಅವಳು ಹೇಳಿದ್ದು ಸಹ ನಿಮಗೆ ಕೇಳುವುದಿಲ್ಲ."

ಅಪ್ಪನಿಗೆ ಇದು ಕೇಳಿತು. ಅನ್ನವನ್ನು ತಟ್ಟೆಯ ಮಧ್ಯಕ್ಕೆ ಒಟ್ಟು ಮಾಡಿ ಹಾಗೆಯೇ ಕೈಯಿಟ್ಟುಕೊಂಡು ಕೂತರು.

"ಖತೀಜಮ್ಮನ ಶನಿವಾರದ ಬಾಡಿಗೆ?" ಎಂದಳು ಅಮ್ಮ.

"ಮನ್ವಿತನೇ ಹೋಗ್ತಾನೆ."

"ಹಾಗಾದರೆ ಇವಳು ಹೋಗುವುದು ಬೇಡ. ಯಾರದ್ದೋ ಹುಡುಗನ ಪಕ್ಕ ಕೂತುಕೊಂಡು ಉಜಿರೆಗೆ ಹೋಗುವುದೆಂತ? ಜನ ನೋಡುವುದಿಲ್ವಾ?"

"ಹೌದು, ಅದು ಸರಿಯಾಗುವುದಿಲ್ಲ" ಎಂದ ಅಣ್ಣ.

ಅಷ್ಟರಲ್ಲಿ ಎಲ್ಲ ತೀರ್ಮಾನವಾಯಿತು. ಅಮ್ಮ ಇನ್ನೊಂದು ಬಂಗುಡೆಯನ್ನು ಅಣ್ಣನ ತಟ್ಟೆಗೆ ಹಾಕಿದಳು. ಅವನು ಬೇಡವೆನ್ನುತ್ತಾ ತಿಂದ, ಕೈ ತೊಳೆದು ಬಂದು ಗೋಡೆಗೆ ಒರಗಿ ಫೋ‌ನ್ ನೋಡತೊಡಗಿದ.

ನಾನು ಅಪ್ಪನ ಎಡಗಡೆ ಕೂತಿದ್ದೆ. ಯಾವಾಗಲೂ ಕೂರುವುದು ಅಲ್ಲೇ. ತಟ್ಟೆ ಎತ್ತಿಕೊಂಡು ಎದ್ದೆ. ಅಪ್ಪನ ಹಿಂದಿನಿಂದ ಸುತ್ತು ಬಂದು ಅಣ್ಣ ಎದ್ದುಹೋದ ಮಣೆಯ ಮೇಲೆ, ಅವರ ಬಲಗಡೆ ಕೂತೆ. ಅಮ್ಮ ಸಾರಿನ ಪಾತ್ರೆ ಹಿಡಿದುಕೊಂಡು ನನ್ನನ್ನು ನೋಡಿದಳು.

"ಅಪ್ಪ" ಎಂದೆ. ಅವರ ಕತ್ತು ನನ್ನ ಕಡೆಗೆ ಸ್ವಲ್ಪ ವಾಲಿತು. ಕೇಳುತ್ತಿತ್ತು.

"ಅಪ್ಪ, ನನಗೆ ಕಾರು ಓಡಿಸ್ಲಿಕ್ಕೆ ಕಲಿಸಿ."

ಅಣ್ಣನ ಹೆಬ್ಬೆರಳು ಫೋನಿನ ಮೇಲೆ ನಿಂತು ಮತ್ತೆ ಜಾರಿತು. ಅಮ್ಮ ಪಾತ್ರೆಗೆ ಮುಚ್ಚಳ ಹಾಕಿ ಒಳಗೆ ತೆಗೆದುಕೊಂಡು ಹೋದಳು. ಅಪ್ಪ ತಟ್ಟೆಯ ಅಂಚಿನಲ್ಲಿದ್ದ ಮೀನಿನ ಮುಳ್ಳುಗಳನ್ನು ಒಂದೊಂದಾಗಿ ಸಾಲಾಗಿ ಇಡುತ್ತಿದ್ದರು. ಬಲಕಿವಿ ಇನ್ನೂ ನನ್ನ ಕಡೆಗೇ ಇತ್ತು.